ಒಂಟಿ ಸಾಲು

ಸರ್ವರ್ ಕೋಣೆಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡ ಪೇದೆ, ಚಿಲಕ ಬಿತ್ತೋ ಇಲ್ಲವೋ ಎಂದು ಎರಡು ಸಲ ತಳ್ಳಿ ನೋಡಿದ. ಬಿದ್ದಿತ್ತು.

ಒಳಗೆ ಉಳಿದವರು ಇಬ್ಬರೇ, ಸೂಜಿ ಮತ್ತು ಮೇಷ್ಟ್ರು. ಒಂದು ಪರದೆ, ಒಂದು ಕೀಬೋರ್ಡು, ಎರಡು ಕುರ್ಚಿ. ಕಿಟಕಿ ಇಲ್ಲ. ಯಂತ್ರಗಳನ್ನು ತಣ್ಣಗಿಡುವ ಗಾಳಿಯ ಸದ್ದು ಕಿವಿಗೆ ಹತ್ತಿ ತುರುಕಿದಂತೆ ಒಂದೇ ಸಮನೆ ಹಾಯುತ್ತಿತ್ತು. ಗೋಡೆಯ ಗಡಿಯಾರ ಮೂರು ದಾಟಿ ಐದು ನಿಮಿಷ ತೋರಿಸುತ್ತಿತ್ತು.

ನಾಲ್ಕಕ್ಕೆ ಬರುತ್ತೇನೆ ಎಂದು ಹೇಳಿ ಹೋಗಿದ್ದರು ತನಿಖಾಧಿಕಾರಿ. ಅವರದು ದನಿ ಏರಿಸದ ಜಾತಿ. ಅಷ್ಟರೊಳಗೆ ಸೂಜಿ ಏನಾದರೂ ತೋರಿಸಬೇಕು. ತೋರಿಸದಿದ್ದರೆ ಎರಡನೇ ಮಹಡಿಯ ಸಭಾಕೋಣೆಯಲ್ಲಿ ಕೂತಿರುವ ಅವಳ ಅಕ್ಕನನ್ನು ಕೊಲೆಯ ಆರೋಪದ ಮೇಲೆ ಜೀಪು ಹತ್ತಿಸುತ್ತಾರೆ. ನಿನ್ನೆ ಮಧ್ಯಾಹ್ನ ಈ ಔಷಧ ದಾಸ್ತಾನಿನ ಕೋಲ್ಡ್ ರೂಮಿನಲ್ಲಿ ತಲೆಗೆ ಪೆಟ್ಟು ಬಿದ್ದು ಸಿಕ್ಕಿದ್ದ ಸ್ಟೋರ್‌ಕೀಪರ್, ಇಂದು ಬೆಳಗ್ಗೆ ಆಸ್ಪತ್ರೆಯಲ್ಲಿ ಕಣ್ಣು ಬಿಡದೆಯೇ ಹೋಗಿಬಿಟ್ಟಿದ್ದ.

"ಟೈಪ್ ಮಾಡೋ ಮುಂಚೆ ಬಾಯಲ್ಲಿ ಹೇಳು," ಎಂದರು ಮೇಷ್ಟ್ರು, ಹಾಳೆಯ ಮೇಲೆ ಪೆನ್ನು ಇಟ್ಟು. "ನೀನು ಮುಟ್ಟಿದ್ದೆಲ್ಲ ನಾನು ಬರ್ಕೋಬೇಕು. ಅವರ ಅಪ್ಪಣೆ."

"ಬರೀ ನೋಡ್ತೀನಿ ಮೇಷ್ಟ್ರೇ. ಏನೂ ಮುಟ್ಟಲ್ಲ."

ಮೇಷ್ಟ್ರು ಈ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ಹಿಂದೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಆ ಕೆಲಸ ಬಿಟ್ಟು ಹದಿನೈದು ವರ್ಷವಾದರೂ ಪಾಠ ಬಿಟ್ಟಿರಲಿಲ್ಲ. ಸೂಜಿಯನ್ನು ಕೆಲಸಕ್ಕೆ ತೆಗೆದುಕೊಂಡವರೂ ಅವರೇ. ಇನ್ನು ಸೂಜಿ ಎಂಬ ಹೆಸರಿಟ್ಟವಳು ಅಕ್ಕ. ಸಣ್ಣವಳಿದ್ದಾಗ ಸೂಜಿ ಕಡ್ಡಿಯ ಹಾಗಿದ್ದಳು, ಮಾತಾಡಿದರೆ ಚುಚ್ಚುತ್ತಿದ್ದಳು. ಅಕ್ಕನೂ ಇದೇ ಕಟ್ಟಡದಲ್ಲಿ ಕೆಲಸಕ್ಕಿದ್ದುದರಿಂದ ಆ ಹೆಸರು ಇಲ್ಲಿಯವರೆಗೂ ನಡೆದು ಬಂದಿತ್ತು.

ಅಕ್ಕನ ಕುತ್ತಿಗೆಗೆ ಬಂದಿದ್ದದ್ದು ಒಂದೇ ಒಂದು ಸಾಲು. ಸೂಜಿ ಅದನ್ನು ಪರದೆಯ ಮೇಲೆ ತಂದಿಟ್ಟಳು. ಅಕ್ಕನ ಕಾರ್ಡ್ ಸಂಖ್ಯೆ, ಅಕ್ಕನ ಹೆಸರು, ವಿಭಾಗ ಪರೀಕ್ಷಾಲಯ, ಬಾಗಿಲು ಕೋಲ್ಡ್ ರೂಮು, ವೇಳೆ ನಿನ್ನೆ ಹನ್ನೊಂದು ಹದಿನೇಳು. ಅದಕ್ಕೆ ಮುಂಚೆ, ಹನ್ನೊಂದು ಐದಕ್ಕೆ, ಸ್ಟೋರ್‌ಕೀಪರ್ ತನ್ನ ಕಾರ್ಡಿನಲ್ಲಿ ಒಳಗೆ ಹೋಗಿದ್ದ. ಅವರಿಬ್ಬರನ್ನು ಬಿಟ್ಟರೆ ಪ್ರಜ್ಞೆಯಿಲ್ಲದೆ ಬಿದ್ದಿದ್ದ ಆ ಮನುಷ್ಯ ಸಿಗುವ ತನಕ ಆ ಬಾಗಿಲಿಗೆ ಬೇರೆ ಯಾರ ಕಾರ್ಡೂ ತಾಗಿರಲಿಲ್ಲ.

ನಾನು ಆ ಕಡೆ ಕಾಲೇ ಇಟ್ಟಿಲ್ಲ ಎಂದು ಅಕ್ಕ ಬೆಳಗ್ಗೆಯಿಂದ ಹೇಳುತ್ತಿದ್ದಳು. ಪಟ್ಟಿ ಮಾತ್ರ, ಇಟ್ಟಿದ್ದೀಯ, ಎನ್ನುತ್ತಿತ್ತು. ಮನುಷ್ಯರ ಮಾತಿಗೂ ಪಟ್ಟಿಯ ಮಾತಿಗೂ ಜಗಳ ಬಿದ್ದರೆ ಪೊಲೀಸರು ಯಾರ ಪಕ್ಕ ನಿಲ್ಲುತ್ತಾರೆ ಎಂದು ಸೂಜಿಗೆ ಗೊತ್ತಿತ್ತು. ಆ ಪಟ್ಟಿ ಕಟ್ಟಿದವಳು ಅವಳೇ.

ಅದು ಹೇಗೆ ತುಂಬುತ್ತದೆ ಎಂದು ಬೆಳಗ್ಗೆ ತನಿಖಾಧಿಕಾರಿಗೆ ಅರ್ಧ ಗಂಟೆ ವಿವರಿಸಿದ್ದಳು. ಬಾಗಿಲಿಗೆ ಹೆಸರು ಗೊತ್ತಿಲ್ಲ ಸರ್, ಕಾರ್ಡಿನ ಸಂಖ್ಯೆ ಒಂದೇ ಗೊತ್ತು. ಆ ಕಾರ್ಡು ಯಾರದು ಅನ್ನುವುದು ಬೇರೆ ಟೇಬಲ್ಲಿನಲ್ಲಿದೆ, ಅಂದರೆ ಕಂಪ್ಯೂಟರಿನೊಳಗಿನ ಬೇರೆ ಪಟ್ಟಿಯಲ್ಲಿ. ಅವರ ಹೆಸರು ಇನ್ನೊಂದರಲ್ಲಿ, ವಿಭಾಗ ಮತ್ತೊಂದರಲ್ಲಿ. ಗಂಟೆಗೊಮ್ಮೆ ಒಂದು ಆಜ್ಞೆ ಓಡುತ್ತದೆ. ಅದು ನಾಲ್ಕೂ ಟೇಬಲ್ಲುಗಳಿಂದ ಒಂದಕ್ಕೊಂದು ಹೊಂದುವುದನ್ನು ಹೆಕ್ಕಿ, ಹೆಣೆದು, 'ಓಡಾಟ' ಎಂಬ ದೊಡ್ಡ ಟೇಬಲ್ಲಿಗೆ ಸಾಲು ಸಾಲಾಗಿ ಸುರಿಯುತ್ತದೆ. ಸುರಿದಾದ ಮೇಲೆ ಬಾಗಿಲ ಯಂತ್ರದ ಹೊಟ್ಟೆ ಖಾಲಿ. ಆಮೇಲೆ ಉಳಿಯುವ ಸಾಕ್ಷಿ 'ಓಡಾಟ' ಒಂದೇ.

ಎಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದ್ದರು. ಆ ಟೇಬಲ್ಲು ಸುಳ್ಳು ಹೇಳುತ್ತದೆಯೇ? ಸೂಜಿ ಆಗ ಉಬ್ಬಿಕೊಂಡು, ಇಲ್ಲ ಸರ್, ಎಂದುಬಿಟ್ಟಿದ್ದಳು. ಅಕ್ಕನ ಹೆಸರು ಆಮೇಲೆ ಬಂದಿತ್ತು.

ಈಗ ಆ ಉತ್ತರವನ್ನು ನುಂಗಬೇಕಿತ್ತು, ಐವತ್ತು ನಿಮಿಷದೊಳಗೆ.

ಪೊಲೀಸರು ನೋಡಿದ್ದು ವರದಿಯನ್ನು; ವೇಳೆಯ ಪ್ರಕಾರ ಜೋಡಿಸಿದ, ಅಂಚು ಮಡಚಿದ, ಸ್ನಾನ ಮಾಡಿಸಿದ ವರದಿ. ಸೂಜಿ ಅದನ್ನು ಮುಚ್ಚಿದಳು. ಟೇಬಲ್ಲನ್ನೇ ನೋಡ್ತೀನಿ, ಅಕ್ಕನ ನಿನ್ನೆಯ ಸಾಲೆಲ್ಲ, ಎಂದು ಮೇಷ್ಟ್ರಿಗೆ ಹೇಳಿ ಬೆರಳು ಆಡಿಸಿದಳು. ಮೇಷ್ಟ್ರು ಬರೆದುಕೊಂಡರು.

ಸಾಲುಗಳು ಬಂದವು. ಮುಖ್ಯ ಬಾಗಿಲು, ಎಂಟು ನಲವತ್ತೊಂದು. ಮತ್ತೆ ಮುಖ್ಯ ಬಾಗಿಲು, ಎಂಟು ನಲವತ್ತೊಂದು. ಪರೀಕ್ಷಾಲಯ, ಎಂಟು ಐವತ್ತು. ಮತ್ತೆ ಪರೀಕ್ಷಾಲಯ, ಎಂಟು ಐವತ್ತು.

ಸೂಜಿಯ ಕಿವಿ ಬಿಸಿಯಾಯಿತು. ಇದು ಅವಳ ಹಳೆಯ ಪಾಪ, ಯಾರಿಗೂ ಹೇಳದೆ ಅಡಗಿಸಿಟ್ಟದ್ದು.

ಇಪ್ಪತ್ತೆರಡು ದಿನದ ಹಿಂದೆ ಅಕ್ಕ ಪ್ಯಾಕಿಂಗ್ ವಿಭಾಗದಿಂದ ಪರೀಕ್ಷಾಲಯಕ್ಕೆ ವರ್ಗವಾದಳು. ವಿಭಾಗದ ಟೇಬಲ್ಲಿನಲ್ಲಿ ಹೊಸ ಸಾಲು ಬಂತು, ಹಳೆಯದು ಇತಿಹಾಸಕ್ಕೆಂದು ಹಾಗೆಯೇ ಉಳಿಯಿತು. ಆದರೆ ಸೂಜಿ ಬರೆದಿದ್ದ ಆಜ್ಞೆ, ಇವರು ಈಗ ಯಾವ ವಿಭಾಗದಲ್ಲಿದ್ದಾರೆ ಎಂದು ಕೇಳುತ್ತಿರಲಿಲ್ಲ. ಇವರ ವಿಭಾಗ ಯಾವುದು ಎಂದಷ್ಟೇ ಕೇಳುತ್ತಿತ್ತು. ಎರಡು ಉತ್ತರ ಸಿಕ್ಕರೆ ಎರಡು ಸಾಲು ಸುರಿಯುತ್ತಿತ್ತು. ಹೀಗಾಗಿ ಅಕ್ಕ ಒಂದು ಸಲ ಬಾಗಿಲು ದಾಟಿದರೆ, 'ಓಡಾಟ'ದಲ್ಲಿ ಇಬ್ಬರು ಅಕ್ಕಂದಿರು ದಾಟುತ್ತಿದ್ದರು, ಒಬ್ಬಳು ಪ್ಯಾಕಿಂಗಿನವಳು, ಇನ್ನೊಬ್ಬಳು ಪರೀಕ್ಷಾಲಯದವಳು.

ಸರಿಮಾಡಲು ಒಂದು ಗಂಟೆ ಸಾಕಿತ್ತು. ಹೇಳಿಕೊಳ್ಳಲು ನಾಚಿಕೆ ಅಡ್ಡ ಬಂತು. ವರದಿಯಲ್ಲಿ ಜೋಡಿ ಕಾಣದ ಹಾಗೆ ಒಂದು ತೇಪೆ ಹಾಕಿ, ತಿಂಗಳ ಕೊನೆಗೆ ಕೈಯಿಂದ ಅಳಿಸಿದರಾಯಿತು ಎಂದು ಸುಮ್ಮನಾಗಿದ್ದಳು.

ನಾಚಿಕೆಯಿಂದಲೇ ಕೆಳಗೆ ಸರಿಸಿದಳು. ಕ್ಯಾಂಟೀನು, ಹತ್ತು ಮೂವತ್ತು, ಎರಡು ಸಲ. ಕೋಲ್ಡ್ ರೂಮು, ಹನ್ನೊಂದು ಹದಿನೇಳು. ಪರೀಕ್ಷಾಲಯ, ಹನ್ನೊಂದು ನಲವತ್ತಾರು, ಎರಡು ಸಲ.

ಬೆರಳು ನಿಂತಿತು.

ಮೇಲೆ ಹೋದಳು, ಕೆಳಗೆ ಬಂದಳು. ಮೊನ್ನೆಯದನ್ನು ತೆಗೆದಳು, ಹೋದ ವಾರದ್ದನ್ನೂ ತೆಗೆದಳು. ಇಪ್ಪತ್ತೆರಡು ದಿನದಲ್ಲಿ ಅಕ್ಕ ದಾಟಿದ ಪ್ರತಿ ಬಾಗಿಲೂ ಜೋಡಿ, ಜೋಡಿ, ಜೋಡಿ. ಇನ್ನೂರಕ್ಕೂ ಮೀರಿದ ಆ ಜೋಡಿಗಳ ನಡುವೆ ಒಂದೇ ಒಂದು ಸಾಲು ಒಂಟಿಯಾಗಿ ನಿಂತಿತ್ತು.

"ಮೇಷ್ಟ್ರೇ," ಎಂದಳು. "ಈ ಸಾಲು ಟೇಬಲ್ಲುಗಳಿಂದ ಬಂದಿದ್ದಲ್ಲ. ಬಂದಿದ್ರೆ ಎರಡಿರಬೇಕಿತ್ತು. ಇದನ್ನ ಯಾರೋ ಕೈಯಾರೆ ಹಾಕಿದಾರೆ."

ಮೇಷ್ಟ್ರ ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. ಶಾಯಿ ಒಂದು ಸಣ್ಣ ಚುಕ್ಕೆಯಾಗಿ ಹರಡಿತು. ಅವರು ಏನನ್ನೂ ಬರೆಯಲಿಲ್ಲ.

ಜೋಡಿಯ ಕತೆಯನ್ನು ಅವಳು ಹೇಳಬೇಕಾಯಿತು. ಮೊದಲ ದಿನದಿಂದ, ತೇಪೆಯ ಸಮೇತ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಮೇಷ್ಟ್ರು ಮಧ್ಯೆ ಬಾಯಿ ಹಾಕದೆ ಏನನ್ನಾದರೂ ಕೇಳಿದ್ದನ್ನು ಅವಳು ನೋಡಿದ್ದು ಇದೇ ಮೊದಲು.

"ಇಷ್ಟು ದಿನ ನನಗೆ ಹೇಳಲಿಲ್ಲ."

"ಹೇಳಿದ್ರೆ ಒಂದು ವಾರ ಪಾಠ ಮಾಡ್ತಿದ್ರಿ."

"ಮಾಡ್ತಿದ್ದೆ," ಎಂದು ಒಪ್ಪಿಕೊಂಡರು. ನಗಲಿಲ್ಲ.

ಸೂಜಿಗೆ ಈಗ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಸಾಲಿನ ಕ್ರಮಸಂಖ್ಯೆ ನೋಡಿದಳು. 'ಓಡಾಟ'ಕ್ಕೆ ಬರುವ ಪ್ರತಿ ಸಾಲಿಗೂ ಬಂದ ಸರದಿಯಂತೆ ಒಂದು ಸಂಖ್ಯೆ ಬೀಳುತ್ತದೆ. ಹನ್ನೆರಡು ಗಂಟೆಗೆ ಸುರಿದ ಕಂತು ಅರವತ್ತು ಸಾವಿರದ ನಾನೂರ ಹದಿನೈದಕ್ಕೆ ಮುಗಿದಿತ್ತು. ಅಕ್ಕನ ಆ ಒಂಟಿ ಸಾಲು ನಾನೂರ ಹದಿನೆಂಟು. ಹನ್ನೊಂದು ಹದಿನೇಳಕ್ಕೆ ನಡೆದದ್ದು ಹನ್ನೆರಡರ ಕಂತಿನೊಳಗೆ ಬಂದಿರಬೇಕಿತ್ತು. ಇದು ಬಸ್ಸು ಹೊರಟ ಮೇಲೆ ಓಡಿ ಬಂದು ಹತ್ತಿಕೊಂಡಿತ್ತು.

ನಡುವಿನ ನಾನೂರ ಹದಿನಾರು, ನಾನೂರ ಹದಿನೇಳು ಎಲ್ಲಿಯೂ ಇರಲಿಲ್ಲ.

ಅವಳಿಗೆ ಕೂಡಲೇ ಅರ್ಥವಾಯಿತು. ಈ ಟೇಬಲ್ಲು ತನಗೆ ಸರಿಹೊಂದದ ಸಾಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಾರ್ಡು ಕಾರ್ಡಿನ ಟೇಬಲ್ಲಿನಲ್ಲಿರಬೇಕು, ವಿಭಾಗ ವಿಭಾಗದ್ದರಲ್ಲಿರಬೇಕು, ಇಲ್ಲದಿದ್ದರೆ ಮುಖಕ್ಕೆ ಬಾಗಿಲು ಹಾಕುತ್ತದೆ. ಆದರೆ ತಿರಸ್ಕರಿಸಿದ ಸಾಲಿಗೂ ಒಂದು ಸಂಖ್ಯೆ ಖರ್ಚಾಗಿಹೋಗುತ್ತದೆ. ಯಾರೋ ಎರಡು ಸಲ ತಪ್ಪಾಗಿ ಹಾಕಲು ಹೋಗಿ, ಬೈಸಿಕೊಂಡು, ಮೂರನೇ ಸಲ ಒಳಗೆ ತೂರಿಸಿದ್ದರು.

"ಅವಸರದಲ್ಲಿದ್ದ ಕೈ," ಎಂದಳು. "ಈ ಟೇಬಲ್ಲಿನ ನಿಯಮ ಸರಿಯಾಗಿ ಗೊತ್ತಿಲ್ಲದ ಕೈ."

ಮೇಷ್ಟ್ರು ಪೆನ್ನಿಗೆ ಕ್ಯಾಪು ಹಾಕಿದರು. ಅದನ್ನು ಜೇಬಿಗೆ ಸಿಕ್ಕಿಸಿ, ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. ಕಾಲೇಜಿನಲ್ಲಿ ಮುಖ್ಯವಾದ ಮಾತು ಹೇಳುವ ಮುಂಚೆ ಹೀಗೇ ಮಾಡುತ್ತಿದ್ದರೇನೋ.

"ಸೂಜಿ, ಇದನ್ನ ಅವರಿಗೆ ತೋರಿಸಬೇಡ."

"ಯಾಕೆ?"

"ಕೈಯಿಂದ ಸಾಲು ಹಾಕೋ ಹಕ್ಕು ಈ ಕಟ್ಟಡದಲ್ಲಿ ಯಾರ್ಯಾರಿಗಿದೆ?"

"ನಿಮಗೆ ಮತ್ತೆ ನನಗೆ."

"ನನಗಿಲ್ಲ. ಹೋದ ತಿಂಗಳು ನಾನೇ ಬಿಟ್ಟುಕೊಟ್ಟೆ. ನನ್ನ ಹೆಸರು ತೆಗೆದು ಹಾಕಿದೋಳು ನೀನೇ."

ನಿಜ. ಇನ್ನು ನನಗೆ ಇದೆಲ್ಲ ಬೇಡ, ಏನಿದ್ದರೂ ನಿನ್ನ ಜವಾಬ್ದಾರಿ ಎಂದು ಪತ್ರ ಬರೆದು ಕೊಟ್ಟಿದ್ದರು. ಅವಳು ಹೆಮ್ಮೆಯಿಂದ ಅಮ್ಮನಿಗೂ ಹೇಳಿದ್ದಳು; ಈಗ ಗಡಿಬಿಡಿಯಲ್ಲಿ ಮರೆತಿತ್ತು.

ಯಾರು ಯಾವಾಗ ಏನು ಮಾಡಿದರು ಎಂದು ದಾಖಲಿಸುವ ಇನ್ನೊಂದು ಟೇಬಲ್ಲಿತ್ತು. ಅದನ್ನು ತೆರೆಯುವಾಗ ಬೆರಳು ಎರಡು ಸಲ ತಪ್ಪಿತು. ನಿನ್ನೆ, ಹನ್ನೆರಡು ಮೂವತ್ತೆಂಟು. ಸ್ಟೋರ್‌ಕೀಪರ್ ಸಿಕ್ಕಿ ಅರ್ಧ ಗಂಟೆ ಕಳೆದ ಮೇಲೆ. ಮೂರು ಪ್ರಯತ್ನ, ಮೂರೂ ಒಂದೇ ಲಾಗಿನ್ನಿನಿಂದ, ಒಂದೇ ಮೇಜಿನಿಂದ.

ಅವಳ ಲಾಗಿನ್. ಅವಳ ಮೇಜು.

ಆ ಹೊತ್ತಿಗೆ ಎಲ್ಲರ ಹಾಗೆ ಅವಳೂ ಕೆಳಗೆ ಅಂಗಳಕ್ಕೆ ಓಡಿದ್ದಳು, ಆಂಬುಲೆನ್ಸ್ ನೋಡಲು. ಎದ್ದು ಹೋಗುವಾಗ ಪರದೆಗೆ ಬೀಗ ಹಾಕಿ ಎಂದು ಊರಿಗೆಲ್ಲ ಹೇಳುವವಳು ತಾನು ಹಾಕಿದ್ದಳೇ? ಎಷ್ಟು ತಡಕಿದರೂ ನೆನಪಾಗಲಿಲ್ಲ.

"ನಾನಾಗಿದ್ರೆ ಎರಡು ಸಾಲು ಹಾಕ್ತಿದ್ದೆ," ಎಂದಳು. "ಜೋಡಿ ಬರುತ್ತೆ ಅಂತ ಗೊತ್ತಿದ್ದೋಳು ನಾನೊಬ್ಬಳೇ. ಎಡವೋದಂತೂ ಇಲ್ಲ, ಆ ನಿಯಮ ಬರೆದೋಳೇ ನಾನು."

"ಗೊತ್ತಿತ್ತು ಅನ್ನೋದಕ್ಕೆ ಸಾಕ್ಷಿ ಯಾರು? ನೀನು ಯಾರಿಗೂ ಹೇಳಿಲ್ಲವಲ್ಲ." ಮೇಷ್ಟ್ರ ದನಿಯಲ್ಲಿ ಗದರಿಕೆ ಇರಲಿಲ್ಲ, ಅದೇ ಹೆಚ್ಚು ಹೆದರಿಸಿತು. "ಎಡವಿದ್ದು ಬೇಕಂತಲೇ ಅಂತಾರೆ. ಇನ್ನು ಯಾಕೆ ಮಾಡಿದ್ಲು ಅಂತ ಕೇಳಿದ್ರೆ, ಕ್ಯಾಂಟೀನಿನಲ್ಲಿ ಊಟ ಮಾಡಿದ ನಲವತ್ತು ಜನ ಇದಾರೆ ಹೇಳೋಕೆ."

ಅದು ಹತ್ತು ದಿನದ ಹಿಂದಿನ ಮಾತು. ಸೂಜಿ ಮದುವೆಯಾಗಲು ಒಪ್ಪಿದ್ದವನ ಹತ್ತಿರ ಅಕ್ಕ ಹೇಳದೆ ಕೇಳದೆ ಹೋಗಿ, ನನ್ನ ತಂಗಿಗೆ ನಿನ್ನ ಮೇಲೆ ಮನಸ್ಸಿಲ್ಲ, ಬಾಯಿಬಿಟ್ಟು ಹೇಳುವ ಧೈರ್ಯವೂ ಇಲ್ಲ ಎಂದು ಹೇಳಿ ಬಂದಿದ್ದಳು. ಅದು ಸುಳ್ಳಾಗಿದ್ದರೆ ಸೂಜಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಮಾರನೆಯ ದಿನ ಕ್ಯಾಂಟೀನಿನ ನಡುಮಧ್ಯೆ ತಟ್ಟೆ ಕುಕ್ಕಿ, ನಿನ್ನನ್ನ ಒಂದು ದಿನ ಒಳಗೆ ಹಾಕಿಸದೆ ಬಿಟ್ಟರೆ ಕೇಳು ಎಂದು ಕಿರುಚಿದ್ದಳು. ಅಕ್ಕ ತಲೆ ಎತ್ತದೆ, ಮೊದಲು ಊಟ ಮುಗಿಸು ಎಂದಿದ್ದಳು. ಅಂದಿನಿಂದ ಮಾತಿಲ್ಲ. ಒಂದೇ ಮನೆ, ಒಂದೇ ಕನ್ನಡಿ, ಒಬ್ಬರು ತಲೆ ಬಾಚಿ ಮುಗಿಸುವ ತನಕ ಇನ್ನೊಬ್ಬರು ಬಾಗಿಲ ಹೊರಗೆ.

"ತಂಗಿ ಸಿಟ್ಟಿನಲ್ಲಿ ಅಕ್ಕನ ಹೆಸರು ಬರೆದಳು. ಇಷ್ಟೇ ಆಗಿದ್ರೆ ಪರವಾಗಿಲ್ಲ," ಎಂದರು ಮೇಷ್ಟ್ರು. "ಆದ್ರೆ ಕೋಲ್ಡ್ ರೂಮಲ್ಲಿ ಒಬ್ಬ ಬಿದ್ದಿದಾನೆ ಅಂತ ಗೊತ್ತಾದ ತಕ್ಷಣ ಓಡಿ ಬಂದು ಬೇರೆಯೋರ ಹೆಸರು ಯಾಕೆ ಬರೆದಳು ಅಂತ ಕೇಳ್ತಾರೆ. ಆ ಪ್ರಶ್ನೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಯೋಚನೆ ಮಾಡು. ಅಕ್ಕ ಆಚೆ ಬರ್ತಾಳೆ. ಆ ಕುರ್ಚಿ ಖಾಲಿ ಬಿಡಲ್ಲ ಅವರು."

"ಸುಮ್ಮನಿದ್ರೆ?"

"ವಕೀಲರನ್ನ ಇಡೋಣ. ನಿಧಾನಕ್ಕೆ ನೋಡೋಣ. ನಾನಿದೀನಲ್ಲ."

ಅವರು ಕೈ ಚಾಚಿ ಪರದೆಯನ್ನು ಆರಿಸಿದರು. ಕಪ್ಪು ಗಾಜಿನಲ್ಲಿ ಇಬ್ಬರ ಮುಖವೂ ಕಂಡಿತು, ಒಂದರ ಪಕ್ಕ ಒಂದು. ಸೂಜಿ ಅವರ ಮುಖವನ್ನು ಆ ಗಾಜಿನಲ್ಲೇ ನೋಡಿದಳು. ಎಷ್ಟೋ ವರ್ಷ ಹಿರಿಯರಾದ, ಕೆಲಸ ಕಲಿಸಿದ ಮನುಷ್ಯ. ಕಾಳಜಿಯೇ ಇರಬಹುದು. ಕಾಳಜಿಯ ಹಾಗೆ ಕಾಣುವ ಬೇರೇನೋ ಇರಬಹುದು. ಎರಡಕ್ಕೂ ಒಂದೇ ಮುಖವಿದ್ದರೆ ಗುರುತಿಸುವುದು ಹೇಗೆ?

ಮೂರು ಐವತ್ತೊಂದಕ್ಕೆ ಹೊರಗೆ ಚಿಲಕ ಸರಿಯಿತು.

ತನಿಖಾಧಿಕಾರಿ ಒಳಗೆ ಬಂದು, ಕೂರಲು ಕುರ್ಚಿ ಇಲ್ಲವೆಂದು ನೋಡಿ, ಗೋಡೆಗೆ ಒರಗಿದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಕೈಯಲ್ಲಿ ಒಂದು ಕಾಗದದ ಫೈಲು.

"ಸ್ವಲ್ಪ ಬೇಗ ಬಂದೆ. ಪರದೆ ಆರಿಸಿದೀರಿ. ಏನೂ ಸಿಗಲಿಲ್ಲ ಅನ್ಸುತ್ತೆ."

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಸೂಜಿ ಗುಂಡಿ ಒತ್ತಿದಳು. ಪರದೆ ಬೆಳಗಿತು.

"ಸಿಕ್ಕಿದೆ ಸರ್. ಬೆಳಗ್ಗೆ ನಾನು ಹೇಳಿದ್ದು ತಪ್ಪು. ಈ ಟೇಬಲ್ಲು ಸುಳ್ಳು ಹೇಳಿದೆ."

ಜೋಡಿಗಳನ್ನು ತೋರಿಸಿದಳು. ಒಂಟಿಯನ್ನು ತೋರಿಸಿದಳು. ಕಳೆದುಹೋದ ಎರಡು ಸಂಖ್ಯೆಗಳನ್ನು, ಕೊನೆಗೆ, ಯಾರೂ ಕೇಳದೆಯೇ, ತನ್ನ ಲಾಗಿನ್ನನ್ನು ತೋರಿಸಿದಳು. ಅದನ್ನು ಹೇಳುವಾಗ ದನಿ ನಡುಗಲಿಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಅವರು ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು. ಬುದ್ಧಿವಂತ ಕೆಲಸ ಎಂದರು. ಯಾರದೆಂದು ಹೇಳಲಿಲ್ಲ.

"ಹಾಗಾದ್ರೆ ನೀವು ಹೇಳೋದು, ನಿಮ್ಮಕ್ಕ ಆ ಬಾಗಿಲು ದಾಟೇ ಇಲ್ಲ."

"ಇಲ್ಲ ಸರ್."

"ಹತ್ತು ನಿಮಿಷದ ಹಿಂದೆ ಅವರೇ ಒಪ್ಪಿಕೊಂಡ್ರು. ದಾಟಿದೆ ಅಂತ."

ತಂಗಿಯನ್ನು ಯಂತ್ರದ ಕೋಣೆಯಲ್ಲಿ ಕೂಡಿಹಾಕಿದ್ದಾರೆ ಎಂದು ಪೇದೆಯ ಬಾಯಿಂದ ಕೇಳಿದ ಮೇಲೆ ಅಕ್ಕ ಬಾಯಿಬಿಟ್ಟಿದ್ದಳಂತೆ. ಹನ್ನೊಂದು ಹದಿನೇಳಕ್ಕೆ ಒಳಗೆ ಹೋದೆ, ಬಾಗಿಲ ಮೇಲಿನ ಗಡಿಯಾರ ನೋಡಿದೆ ಎಂದಿದ್ದಳಂತೆ. ವೇಳೆ ನೋಡದೆ ಏನನ್ನೂ ಮಾಡದವಳು, ಪರೀಕ್ಷಾಲಯದ ಅಭ್ಯಾಸ. ಆದರೆ ಕಾರ್ಡು ಮುಟ್ಟಿಸಿರಲಿಲ್ಲವಂತೆ. ಒಳಗಿನಿಂದ ಒಬ್ಬರು ಬಾಗಿಲು ತೆರೆದರಂತೆ.

ಸೂಜಿಯ ತಲೆಯಲ್ಲಿ ಎಲ್ಲವೂ ಒಮ್ಮೆ ಮಗುಚಿತು. ಸಾಲು ಸುಳ್ಳು. ಸಾಲಿನಲ್ಲಿರುವುದು ನಿಜ. ನಿಮಿಷದ ಸಮೇತ ನಿಜ. ಹಾಗಾದರೆ ಅದನ್ನು ಬರೆದ ಕೈ, ಅಕ್ಕ ಒಳಗೆ ಕಾಲಿಟ್ಟ ಗಳಿಗೆಯಲ್ಲಿ ಅಲ್ಲಿಯೇ ಇತ್ತು.

"ತೆರೆದೋರು ಸ್ಟೋರ್‌ಕೀಪರ್ರಾ?" ಎಂದು ಕೇಳಿದವರು ಮೇಷ್ಟ್ರು.

"ಅಲ್ಲವಂತೆ. ಆತ ಹಿಂದೆ ನಿಂತಿದ್ದನಂತೆ, ಆಗಿನ್ನೂ ಪೆಟ್ಟು ಬಿದ್ದಿರಲಿಲ್ಲ. ತೆರೆದೋರು ಬೇರೆ. ಪಟ್ಟಿಯಲ್ಲಿ ಹೆಸರೇ ಇಲ್ಲದ ಒಬ್ಬರು, ಆತನ ಬೆನ್ನಿಗೇ ಒಳಗೆ ಹೋಗಿದ್ದಿರಬೇಕು." ತನಿಖಾಧಿಕಾರಿ ಸೂಜಿಯ ಕಡೆ ತಿರುಗಿದರು. "ಯಾರು ಅಂತ ನಮಗೆ ಹೇಳಲ್ಲ ಅಂತ ಹಟ ಹಿಡಿದಿದಾರೆ. ತಂಗಿ ಬಂದು ಎದುರಿಗೆ ಕೂತ್ರೆ ಅವಳಿಗೆ ಮಾತ್ರ ಹೇಳ್ತೀನಿ ಅಂತಾರೆ."

ಸೂಜಿ ಆಗಲೇ ಎದ್ದು ನಿಂತಿದ್ದಳು. ಹತ್ತು ದಿನದ ಮುನಿಸು ಎಲ್ಲಿ ಹೋಯಿತೋ. "ನಡೀರಿ ಸರ್."

"ನಡೆಯೋಣ. ಅದಕ್ಕೆ ಮುಂಚೆ ಒಂದು ಸಣ್ಣ ತೊಡಕಿದೆ." ಅವರು ಫೈಲು ತೆರೆದು ಒಂದು ಕಾಗದವನ್ನು ಕೀಬೋರ್ಡಿನ ಮೇಲೆ ಹಾಸಿದರು. "ಈಗ ನೀವು ತೋರಿಸಿದ್ದನ್ನ ಇದರಲ್ಲಿ ಬರೆದು ಸಹಿ ಹಾಕಬೇಕು. ಕೈಯಿಂದ ಹಾಕಿದ ಸಾಲು, ನಿಮ್ಮ ಲಾಗಿನ್ನಿಂದ ಹಾಕಿದ್ದು ಅಂತ. ಹಾಕಿದ್ರೆ ನಿಮ್ಮಕ್ಕನ ಮೇಲಿರೋ ಸಾಕ್ಷಿ ಬಿದ್ದುಹೋಗುತ್ತೆ. ಆದ್ರೆ ಆ ಕ್ಷಣದಿಂದ ನೀವೂ ಆರೋಪಿ. ಇಬ್ಬರು ಆರೋಪಿಗಳನ್ನ ಮಾತಾಡೋಕೆ ಬಿಡೋ ಹಾಗಿಲ್ಲ. ಅವರನ್ನ ನೋಡೋಕಾಗಲ್ಲ."

"ಹಾಕದಿದ್ರೆ?"

"ಹೋಗಿ ನೋಡಬಹುದು. ಹೆಸರೂ ಕೇಳಬಹುದು. ಆದ್ರೆ ನನ್ನ ಮಟ್ಟಿಗೆ ಆ ಸಾಲು ನಿಜವಾಗಿಯೇ ಉಳಿಯುತ್ತೆ. ಇನ್ನು ಐದು ನಿಮಿಷಕ್ಕೆ ಅವರು ಜೀಪು ಹತ್ತುತ್ತಾರೆ."

ಸೂಜಿ ಪೆನ್ನಿಗಾಗಿ ಮೇಜಿನ ಮೇಲೆ ತಡಕಿದಳು. ಇರಲಿಲ್ಲ.

ಮೇಷ್ಟ್ರು ಜೇಬಿನಿಂದ ತಮ್ಮ ಪೆನ್ನು ತೆಗೆದು, ಕ್ಯಾಪು ಬಿಚ್ಚಿ, ಅವಳ ಮುಂದೆ ಹಿಡಿದರು. "ಸಹಿ ಹಾಕು ಸೂಜಿ," ಎಂದರು, ತೋರಿಸಬೇಡ ಎಂದಿದ್ದ ಅದೇ ದನಿಯಲ್ಲಿ. "ಅಕ್ಕನ ಹತ್ತಿರ ಹೋಗಬೇಡ."